ನೂಕಿದವರು

ಐದು ಕಾರುಗಳಿದ್ದವು ನನಗೆ, ಒಂದಾದ ಮೇಲೊಂದು.
ಕೊಂಡ ಬೆಲೆ ಮರೆತಿದೆ. ಮಾರಿದ ಬೆಲೆ ಇನ್ನೂ ಚುಚ್ಚುತ್ತದೆ.
ಯಾವ ಗಾಡಿಯನ್ನು ಯಾರು, ಎಲ್ಲಿ ನೂಕಿದರು
ಎಂಬುದು ಮಾತ್ರ ಜಿನ್ನಿಂಗ್ ಮಿಲ್ಲಿನ ಕೆಂಪು ಖಾತೆಯ ಹಾಗೆ
ಸಾಲು ತಪ್ಪದೆ ನೆನಪಿದೆ.

ಮೊದಲನೆಯದು ಮೋರಿಸ್ ಮೈನರ್,
ನಿಜಾಮರ ಕಾಲದ ಪೇಶ್ಕಾರರೊಬ್ಬರದು.
ಕೀಲಿ ಕೊಡುವಾಗ ಸಲಾಮು ಮಾಡಿದರು, ನನಗಲ್ಲ, ಗಾಡಿಗೆ.
ಕದ ಹಾಕಿದರೆ ಹಳೆಯ ಸಂದೂಕ ಮುಚ್ಚಿದ ಸದ್ದು.
ತೀನ್ ಕಂದಿಲ್‌ನ ನಟ್ಟನಡುವೆ ನಿಂತೇಬಿಟ್ಟಿತು.
ಮದುವೆಯಾಗಿ ಒಂಬತ್ತು ದಿನ; ಪಕ್ಕದಲ್ಲಿ ಅಂಬವ್ವ
ಸೆರಗು ಬಾಯಿಗೊತ್ತಿ ನಗು ನುಂಗುತ್ತಿದ್ದಳು.
ಒಗ್ಗರಣಿ-ಮಿರ್ಚಿ ಅಂಗಡಿಯವನು ಕೈ ಒರೆಸದೆ ಬಂದು ನೂಕಿದ.
ಹಿಂದಿನ ಗಾಜಿನ ಕೆಳಗೆ ಹತ್ತು ಬೆರಳು, ಕಡಲೆಹಿಟ್ಟಿನವು.
ಮೊದಲ ಮಳೆ ಬೀಳುವತನಕ
ಒರೆಸಗೊಡಲಿಲ್ಲ ಅವಳು.

ಎರಡನೆಯದು ಅಂಬಾಸಿಡರ್. ಅದು ಕಾರಲ್ಲ, ವಠಾರ.
ನಾನು ಅರಳೆ ಮುಟ್ಟಿ ದರ್ಜೆ ಹೇಳುವವನು:
ಡಿಕ್ಕಿಯ ತುಂಬ ಸ್ಯಾಂಪಲ್ಲಿನ ಗಂಟು, ಒಳಗೆ ಎಂಟು ಜನ,
ಗೇರು ಬದಲಿಸಲು ಯಾರದೋ ಮೊಳಕಾಲಿನ ಅಪ್ಪಣೆ ಬೇಕು.
ದೇವಸುಗೂರಿನ ಸೇತುವೆ, ಮೇ ತಿಂಗಳ ಮಧ್ಯಾಹ್ನ,
ಕೆಳಗೆ ಕೃಷ್ಣೆ ನೀರಿಗಿಂತ ಹೆಚ್ಚು ಬಂಡೆ.
ರೇಡಿಯೇಟರು ಕುದಿದು ಉಗುಳಿತು.
ಸಂತೆ ಮುಗಿಸಿ ಬರುತ್ತಿದ್ದ ನಾಲ್ವರು
ತಮ್ಮ ಕುಡಿಯುವ ನೀರನ್ನು ಅದಕ್ಕೆ ಕುಡಿಸಿ,
ಆರುವತನಕ ಅದರ ನೆರಳಲ್ಲೇ ಬೀಡಿ ಸೇದಿ,
ಆಮೇಲೆ ಹೆಗಲು ಕೊಟ್ಟರು.
ಕಿಟಕಿಯಿಂದ ತಲೆ ಹಾಕಿ ಹೆಸರು ಕೇಳಿದೆ.
"ಹೆಸರ್ಯಾಕ್ರಿ, ಗೇರು ಹಾಕ್ರಿ!"

ಫಿಯೆಟ್ಟಿಗೆ ನಖರಾ ಬಹಳ.
ಖಾಸಿಂ ಮಿಸ್ತ್ರಿ ಬಾನೆಟ್ಟಿಗೆ ಕಿವಿಯಿಟ್ಟು
"ರೋಗ ಇಲ್ಲ ಸಾವ್ಕಾರ, ಸಿಟ್ಟಿಗೆದ್ದೈತಿ ಅಷ್ಟ" ಎನ್ನುತ್ತಿದ್ದ.
ಅದನ್ನು ನೂಕಿದವನು ನಾನೇ.
ಸ್ಟೇರಿಂಗಿನ ಹಿಂದೆ ಅಂಬವ್ವ, ಕಲಿತು ಹನ್ನೊಂದು ದಿನ.
ಮಾವಿನಕೆರೆಯ ಇಳಿಜಾರಿನಲ್ಲಿ ಕೆಮ್ಮಿತು, ಹತ್ತಿಕೊಂಡಿತು,
ಹೋಯಿತು.
ಅವಳು ನಿಲ್ಲಿಸಲಿಲ್ಲ.
ಒಂದು ಚಪ್ಪಲಿ ಕಾಲಲ್ಲಿ, ಒಂದು ಇಪ್ಪತ್ತು ಗಜ ಹಿಂದೆ,
ನಾನು ಊರಿನವರಿಗೆಲ್ಲ ಕಾಣುವ ಹಾಗೆ ನಿಂತಿದ್ದೆ.
ಅರ್ಧ ಗಂಟೆಗೆ ಬಂದಳು, ಕೂದಲು ಕೆದರಿ, ಮುಖ ಕೆಂಪಗೆ.
"ನಿಲ್ಲಿಸಿದ್ರ ಮತ್ತ ನೀವೇ ನೂಕಬೇಕಿತ್ತಲ್ರಿ."
ಎಲ್ಲೆಲ್ಲಿ ಹೋಗಿದ್ದಳೋ
ಕೊನೆಯವರೆಗೂ ಹೇಳಲಿಲ್ಲ.

ನಾಲ್ಕನೆಯದು ಮಾರುತಿ, ಬಿಳಿಯದು.
ಹನ್ನೆರಡು ವರ್ಷ ಒಮ್ಮೆಯೂ ಕೆಡಲಿಲ್ಲ.
ಬರೆಯಲು ಏನೂ ಇಲ್ಲ.

ಅದರ ಬದಲು ಕೋಟೆಯ ಗೋಡೆಯ ಮಾತು ಹೇಳುತ್ತೇನೆ.
ಅಲ್ಲೊಂದು ಕಲ್ಲಿದೆ, ಮನೆಗಿಂತ ಉದ್ದ,
ತಂದವನ ಹೊಗಳಿಕೆ ಅದರ ಮೇಲೆ.
ಹತ್ತಿರದಲ್ಲಿ ಗೀರಿದ ಒಂದು ಚಿತ್ರವಿದೆ:
ಗಾಲಿಯ ಬಂಡಿ, ಅದರ ಮೇಲೆ ಅದೇ ಕಲ್ಲು,
ಮುಂದೆ ಎಣಿಸಲಾರದಷ್ಟು ಕೋಣ.
ಬರಹ ನನಗೆ ಓದಲು ಬಾರದು.
ಚಿತ್ರ ಓದಿದೆ, ಬಂಡಿಯ ಜೊತೆಗಿದ್ದ ಮನುಷ್ಯರನ್ನು,
ಒಬ್ಬನ ಹೆಗಲು ಆ ಮಿರ್ಚಿಯವನದೇ ಹೆಗಲು.

ಐದನೆಯದು ಸ್ಯಾಂಟ್ರೋ. ನನ್ನ ಹೆಸರಿನಲ್ಲಿತ್ತು ಅಷ್ಟೇ.
ಕಣ್ಣಿಗೆ ಪೊರೆ ಬಂದಮೇಲೆ ಅವಳೇ ಓಡಿಸಿದಳು,
ಗಿಡ್ಡ ಕಾಲಿಗೆ ಸೀಟು ಪೂರ್ತಿ ಮುಂದಕ್ಕೆಳೆದು.
ಅವಳು ಹೋದಮೇಲೆ, ಕಣ್ಣು ತಿಳಿಯಾಗಿತ್ತು, ನಾನು ಕುಳಿತೆ.
ಮೊಳಕಾಲು ಸ್ಟೇರಿಂಗಿಗೆ ತಗುಲುತ್ತಿತ್ತು,
ತಿರುವಿನಲ್ಲಿ ಎದೆ ಕೂಡ.
ಎರಡು ವರ್ಷ ಹಾಗೆಯೇ ಮುದುಡಿಕೊಂಡು ಓಡಿಸಿದೆ,
ಬ್ಯಾಂಕಿಗೆ, ತರಕಾರಿಗೆ, ಒಮ್ಮೊಮ್ಮೆ ಸುಮ್ಮನೆ
ಕೆರೆಯ ಸುತ್ತ, ಅರ್ಧ ಗಂಟೆ.

ಮಾನ್ವಿಯಿಂದ ಬಂದ ಹುಡುಗ ದುಡ್ಡು ಎಣಿಸಿಕೊಟ್ಟ.
ಕದ ತೆರೆದ, ಕುಳಿತ, ನನ್ನ ಕಡೆ ನೋಡಿ ನಕ್ಕ.
"ಏನಜ್ಜಾ, ಹಿಂಗ ಕುಂದರ್ತಿದ್ರೇನು?"
ಕೆಳಗೆ ಕೈ ಹಾಕಿ, ಕಾಲೂರಿ,
ಸೀಟನ್ನು ಹಿಂದಕ್ಕೆ ನೂಕಿದ.

ಟಕ್.