ಉಪ್ಪುಕಾಗದ

ಚೇಳೂರು ರಸ್ತೆ, ಚಿಂತಾಮಣಿ. ನಯಾಜ್ ಪಾಷನ ಅಂಗಡಿ.
ಗಾಜಿನ ಮೇಜಿನ ಮೇಲೆ ಮೂರು ಸ್ಯಾಂಡರು,
ಹೆಣ್ಣು ನೋಡಲು ಬಂದವರ ಮುಂದೆ
ಮೂವರು ಅಕ್ಕತಂಗಿಯರನ್ನೂ ಒಟ್ಟಿಗೇ ಕೂರಿಸಿದಂತೆ.
"ನೋಡಮ್ಮ" ಅನ್ನುತ್ತಾನೆ, ಅಪ್ಪನ ಕಡೆ ತಿರುಗಿ.
ಅಪ್ಪ ನನ್ನ ಕಡೆ ತಿರುಗುತ್ತಾರೆ.
ದುಡ್ಡು ನನ್ನ ಸೊಂಟದಲ್ಲಿದೆ.

ಕೆಲಸ ಇದು: ಹೈಸ್ಕೂಲಿನ ಬೇವಿನ ಮರದಡಿ
ಹದಿನಾಲ್ಕು ಬೆಂಚು, ಹಲಸಿನ ಹಲಗೆ.
ಬಿಸಿಲು ತಿಂದು ಬೂದಿ ಬಣ್ಣ. ಕಾಗೆಯ ಹಿಕ್ಕೆ, ಚೂಯಿಂಗ್ ಗಮ್ಮು,
ಕೈವಾರದಿಂದ ಬರುವ ಹುಡುಗರು
ಕೈವಾರದಿಂದಲೇ ಕೊರೆದ ಹೆಸರು.
"ಎಲ್ಲ ಹೋಗಬೇಕು" ಅಂದಿದ್ದಾರೆ ಹೆಡ್‌ಮಿಸ್ಸು,
"ಶಾಲೆ ಶುರುವಾಗೋದರೊಳಗೆ."

ಮೊದಲನೆಯದು ಬೆಲ್ಟಿನದು.
ಸ್ವಿಚ್ಚು ಒತ್ತಿದರೆ ಹಗ್ಗ ಬಿಚ್ಚಿದ ಹೋರಿ,
ನನ್ನ ಕೈಯನ್ನೂ ಎಳೆದುಕೊಂಡು ಹಲಗೆಯ ಆ ತುದಿಗೆ ಹೋಯಿತು.
ಒಂದು ಉಸಿರು ತಡೆದು ನಿಂತರೆ ಅಲ್ಲೇ ಹಳ್ಳ.
"ಟೈಮು ಉಳಿಯುತ್ತೆ" ಅಂದ.
ಮರ ಉಳಿಯಬೇಕಲ್ಲ.

ಎರಡನೆಯದು ಚೌಕದ್ದು, ಸಾಧು.
ಯಾವ ಕಾಗದವಾದರೂ ಸರಿ, ನಾಲ್ಕು ಪಾಲು ಹರಿದು ಸಿಗಿಸಿದರಾಯಿತು.
ಮೂಲೆಗೂ ಹೋಗುತ್ತದೆ, ಬೆಲೆಯೂ ಕಮ್ಮಿ.
ಹದಿನಾಲ್ಕು ಬೆಂಚು ಮುಗಿಯುವಷ್ಟರಲ್ಲಿ
ದೀಪಾವಳಿ.

ಮೂರನೆಯದು ದುಂಡಗೆ, ಅಂಗೈಗೆ ಕೂರುವಂಥದ್ದು.
ತಿರುಗುತ್ತದೆ, ತಿರುಗುತ್ತಲೇ ತೂರಾಡುತ್ತದೆ,
ಒಂದು ಗೀರನ್ನು ಎರಡು ಸಲ ತುಳಿಯುವುದಿಲ್ಲ,
ಕುಡಿದವನು ಬಂದ ದಾರಿಯಲ್ಲೇ ವಾಪಸ್ಸು ಹೋಗದ ಹಾಗೆ.
ಅಡಿಯಲ್ಲಿ ಎಂಟು ತೂತು. ದೂಳನ್ನು ತಾನೇ ನುಂಗಿ
ಚೀಲಕ್ಕೆ ಹಾಕುತ್ತದಂತೆ; ಎಲ್ಲ ಅಲ್ಲ, ಮುಕ್ಕಾಲು.
ಆದರೆ ಅದರ ಬಿಲ್ಲೆಯೇ ಬೇರೆ, ಒಂದಕ್ಕೆ ಇಪ್ಪತ್ತೈದು ರೂಪಾಯಿ.
ಮನಸ್ಸಲ್ಲೇ ಗುಣಿಸುತ್ತಿದ್ದೇನೆ.
ಬಾಗಿಲಲ್ಲಿ ಟೀ ಹಿಡಿದು ನಿಂತ ವೆಲ್ಡರ್ ಪಿಲ್ಲಪ್ಪ,
"ಇರೋ ಗ್ರೈಂಡರಿಗೇ ಒಂದು ಡಿಸ್ಕು ಹಾಕ್ಕೊಳ್ಳಮ್ಮ" ಅನ್ನುತ್ತಾನೆ.
ಅವನ ಪಾಲಿಗೆ ಮರವೂ ಕಬ್ಬಿಣವೇ.

ಅಪ್ಪನದು ಮಾತಿಲ್ಲ. ಮೂರೂ ಉಜ್ಜಿದ ಜಾಗದ ಮೇಲೆ
ಹೆಬ್ಬೆರಳು ಎಳೆಯುತ್ತಾರೆ,
ಕಣ್ಣು ಎಲ್ಲೋ ಗೋಡೆಯ ಕ್ಯಾಲೆಂಡರಿನ ಮೇಲೆ.

ಆ ಹೆಬ್ಬೆರಳು.
ನಲವತ್ತೊಂದು ವರ್ಷ ಉಪ್ಪುಕಾಗದದ ಬೆನ್ನೇರಿ
ತೊಟ್ಟಿಲು, ಹೊಸಿಲು, ಮಣೆ ಎಲ್ಲ ಸವೆಸಿ ತಾನೂ ಸವೆಯಿತು.
ಹೋದ ತಿಂಗಳು ಸೊಸೈಟಿಯಲ್ಲಿ
ರೇಷನ್ನಿನ ಮೆಷಿನ್ನು ಅದನ್ನು ಒತ್ತಿಸಿಕೊಂಡು
ಕೆಂಪು ದೀಪ ತೋರಿಸಿತು.
ಪಂಚೆಗೆ ಒರೆಸಿ, ತಲೆಗೆ ಸವರಿ, ಹತ್ತೂ ಬೆರಳು ಆಯಿತು.
"ಮುನಿವೀರಾಚಾರಿ ಅನ್ನೋರು ನೀವೇನಾ?"
ಸಾಲಿನಲ್ಲಿದ್ದವರು ನಕ್ಕರು. ಅಪ್ಪನೂ.
"ನುಣ್ಣಗಾಗೋಗಿದೀನಪ್ಪ" ಅಂದರು.
ಆ ರಾತ್ರಿ ಮುದ್ದೆ ಮುಟ್ಟಲಿಲ್ಲ.

ಉಪ್ಪು ತಿಂದವರು ನೀರು ಕುಡಿಯುತ್ತಾರೆ, ಸರಿ.
ಉಪ್ಪೇ ತಿಂದುಹಾಕಿದವರು?

"ದುಂಡಗಿರೋದು ಕೊಡು" ಅಂದೆ.
"ಅರವತ್ತರ ಬಿಲ್ಲೆ, ಎಂಬತ್ತರದು, ನೂರಿಪ್ಪತ್ತರದು."
"ಇನ್ನೂರಿಪ್ಪತ್ತು ಬೇಡವಾ? ಗಾಜಿನ ಥರ ಬರುತ್ತೆ."
ಬೆಳಗಿನಿಂದ ಮೊದಲ ಸಲ ಅಪ್ಪ ಬಾಯಿಬಿಟ್ಟರು:
"ಬೇಡ. ಬಯಲಲ್ಲಿರೋ ಮರ.
ತೀರಾ ನುಣ್ಣಗೆ ಮಾಡಿದ್ರೆ ಎಣ್ಣೆ ಕುಡಿಯಲ್ಲ."

ಒಂಬತ್ತನೇ ದಿನ, ಹನ್ನೊಂದನೇ ಬೆಂಚು.
ಮೇಲ್ಮೇಲಿನ ಪ್ರೇಮಗಳೆಲ್ಲ ಅರವತ್ತಕ್ಕೇ ಹೋಗಿದ್ದವು.
ಒಂದು ಹೆಸರು ಮಾತ್ರ ಆಳ. ಮೆಷಿನ್ನು ನಿಲ್ಲಿಸಿದೆ.
ಅಪ್ಪ ಕೂತರು, ಹೆಬ್ಬೆರಳು ಇಟ್ಟರು, ಕನ್ನಡಕ ಜೇಬಲ್ಲೇ ಇತ್ತು.
"ಪದ್ಮ... ಅಲ್ಲ, ಪಾ. ಪಾಪಣ್ಣ."
ಸುಮ್ಮನಿದ್ದು, "ಇನ್ನೂ ಉಜ್ಜಿದ್ರೆ ಹಲಗೆ ತೆಳ್ಳಗಾಗುತ್ತೆ" ಅಂದರು.

ಎಣ್ಣೆ ಹಚ್ಚಿದೆವು, ಗಟಗಟ ಕುಡಿಯಿತು.
ಹೆಡ್‌ಮಿಸ್ಸು ಬರುವುದರೊಳಗೆ
ಆ ಬೆಂಚನ್ನು ಮಾತ್ರ, ಪಾಪಣ್ಣ ಗೋಡೆ ಕಡೆ ಬರುವ ಹಾಗೆ,
ತಿರುಗಿಸಿಟ್ಟೆವು.