ಕೊಳ್ಳುವ ಕಲ್ಲು

ಅಪ್ಪನ ಮಂಡಿಯಲ್ಲಿ ಎರಡು ಜೊತೆ ತೂಕದ ಕಲ್ಲು:
ಕೊಳ್ಳುವ ಕಲ್ಲು, ಮಾರುವ ಕಲ್ಲು.
ನೋಡಲಿಕ್ಕೆ ಅವಳಿ. ಎರಡಕ್ಕೂ ಸರ್ಕಾರದ ಮುದ್ರೆ.
ಕೊಳ್ಳುವ ಕಲ್ಲಿನ ಹೊಟ್ಟೆಯಲ್ಲಿ ಮಾತ್ರ
ಒಂದು ಹಿಡಿ ಸೀಸ ಹೆಚ್ಚಿಗೆ ಮಲಗಿತ್ತು.
ನನಗಿದು ಒಂಬತ್ತನೇ ವಯಸ್ಸಿಗೇ ಗೊತ್ತು,
ಮೊದಲ ಪರಮಪ್ರಸಾದಕ್ಕೆ ಬಿಳಿ ಲಂಗ ಹೊಲಿಸಿದ ವರ್ಷ.

ಮಂಡ್ಯದ ಪೇಟೆಬೀದಿಗೆ ಬೆಲ್ಲದ ಗಾಡಿ ಬರುವ ಹೊತ್ತಿಗೆ
ಕಾರ್ಖಾನೆಯ ಹುಳಿ ಹೊಗೆ ಇನ್ನೂ ನೆಲ ಬಿಟ್ಟಿರುತ್ತಿರಲಿಲ್ಲ.
ಅಪ್ಪ ಶಿಲುಬೆ ಗುರುತು ಮಾಡಿಕೊಂಡು
ಬಲಗೈಯಲ್ಲಿ, ಅದೇ ಬಲಗೈಯಲ್ಲಿ,
ಕಲ್ಲೆತ್ತಿ ತಟ್ಟೆಗಿಡುತ್ತಿದ್ದರು.

ಮೂಟೆ ಹೊರುವವನು ಜವರಾಯಿ.
ನನಗಿಂತ ಆರು ವರ್ಷ ದೊಡ್ಡವನಿರಬೇಕು.
ಬೆನ್ನ ಮೇಲೆ ಬೆಲ್ಲದ ರಸ ಒಣಗಿ
ನೊಣಗಳಿಗೆ ಅವನೇ ಒಂದು ಊರು.
ಮಂಗಳವಾರ ಅಂತೋಣಿಯವರಿಗೆ ಮೇಣದಬತ್ತಿ ಹಚ್ಚಲು ಬಂದವನು
ಭಾನುವಾರವೂ ಬರತೊಡಗಿದ.
ಕೊನೆಯ ಬೆಂಚು, ಬಾಗಿಲ ಪಕ್ಕ,
ಬಿಟ್ಟ ಚಪ್ಪಲಿ ಕಣ್ಣಿಗೆ ಬೀಳುವ ಜಾಗ.
ಯಾರೂ ಕರೆದಿರಲಿಲ್ಲ.
"ಎಲ್ರೂವೆ ಒಂದೇ ತಟ್ಟೇಲಿ ತಿಂತೀರಲ್ಲವ್ವ,
ಅದು ಚೆಂದಾಗದೆ," ಅಂದಿದ್ದ ನನಗೆ.
ಉಪದೇಶಿ ಚೌರಪ್ಪನವರ ಹತ್ತಿರ ಆರು ತಿಂಗಳು
ಜಪ ಕಲಿತ. ಅಕ್ಷರ ಬಾರದು, ಬಾಯಿಪಾಠ.
ಜ್ಞಾನಸ್ನಾನಕ್ಕೆ ಹೆಸರೂ ಗೊತ್ತುಮಾಡಿಕೊಂಡಿದ್ದ: ಜೋಸೆಫ.
"ಅವ್ರೂ ಕೂಲಿಯೋರೇ ಅಂತಲ್ಲ."

ತಪಸ್ಸುಕಾಲದ ಒಂದು ಭಾನುವಾರ.
ಅಪ್ಪ, ಚಿನ್ನದ ಕಟ್ಟಿನ ಕನ್ನಡಕ, ಇಸ್ತ್ರಿ ಪಂಚೆ,
ವಾಚನಕ್ಕೆ ನಿಂತರು.
ಅವತ್ತಿನ ವಾಚನದಲ್ಲಿ ತಕ್ಕಡಿ ಬಂತು.
ಯಾವ ಪ್ರವಾದಿಯೋ ಮರೆತಿದ್ದೇನೆ,
ತೂಕದಲ್ಲಿ ಬಡವನ ಕದಿಯುವವರ ಮೇಲೆ
ದೇವರ ಸಿಟ್ಟು, ಅಷ್ಟು ನೆನಪು.
ಅಪ್ಪನ ದನಿ ತಡವರಿಸಲಿಲ್ಲ.
ನನಗೆ ಇವತ್ತಿಗೂ ಅರ್ಥವಾಗದ್ದು ಅದೇ.
ಒಂದು ಕೆಮ್ಮು? ಒಂದು ಗುಟುಕು ಎಂಜಲು?
ಏನೂ ಇಲ್ಲ.
ಪ್ರಭುವಿನ ವಾಕ್ಯ ಅಂದರು.
ದೇವರಿಗೆ ಕೃತಜ್ಞತೆ ಅಂದೆವು, ಇಡೀ ಗುಡಿ ತುಂಬ.

ಜವರಾಯಿ ಅಪ್ಪನನ್ನು ನೋಡಲಿಲ್ಲ.
ನನ್ನನ್ನು ನೋಡಿದ.
ನಾನು ತಲೆಯ ಮುಸುಕು ಸರಿಮಾಡಿಕೊಂಡೆ.

ಮುಂದಿನ ವಾರ ಹಿಂದಿನ ಬೆಂಚು ಖಾಲಿ.
ಮಂಡಿಗೆ ಬಂದ, ಹೊಟ್ಟೆಪಾಡು.
ಜಪಮಾಲೆಯನ್ನು ಕಾಗದದಲ್ಲಿ ಸುತ್ತಿ
ಚೌರಪ್ಪನವರಿಗೆ ತಿರುಗಿ ಕೊಟ್ಟನಂತೆ.
ಯಾಕೋ ಅಂದರೆ,
"ಮೂಟೆ ಹೊರೋನು ನಾನಲ್ವ ಸಾಮಿ,
ತೂಕ ನಂಗೆ ಗೊತ್ತಾಯ್ತದೆ."

ಅಪ್ಪ ಹೋದಾಗ ಮೂವರು ಗುರುಗಳು ಬಂದರು.
ಗಂಟೆಗೋಪುರದ ಅಮೃತಶಿಲೆಯಲ್ಲಿ
ದಾನಿ ಸಂತಿಯಾಗಪ್ಪ ಎಂದಿದೆ, ಕಪ್ಪು ಅಕ್ಷರ,
ಈಚೆಗೆ 'ದಾ' ಸ್ವಲ್ಪ ಉದುರಿದೆ.
ಕಲ್ಲು ಅಟ್ಟದಲ್ಲಿ ಸಿಕ್ಕಿತು.
ಪಾಪನಿವೇದನೆಗೆ ಹೋದೆ.
ಕದ್ದದ್ದನ್ನು ಹಿಂದಿರುಗಿಸಬೇಕಮ್ಮಾ ಅಂದರು ಹೊಸ ಗುರುಗಳು,
ಮೀಸೆ ಇನ್ನೂ ಎಳೆಯದು.
ಯಾರಿಗೆ? ಕೆರಗೋಡಿನವರಿಗೆ? ಹೊಳಲಿನವರಿಗೆ?
ತಿಂದ ಬೆಲ್ಲಕ್ಕೆ ವಿಳಾಸ ಎಲ್ಲಿಂದ ತರಲಿ?

ಗುತ್ತಲಿನಲ್ಲಿ ಒಬ್ಬನ ವಿಳಾಸ ಇತ್ತು.
ಬೆನ್ನು ಬಾಗಿ ಅವನೇ ಒಂದು ಕೊಕ್ಕೆ.
ನಾನು ಬಾಯಿ ತೆರೆಯುವ ಮೊದಲೇ
ಸೊಸೆಯನ್ನು ಕೂಗಿ
ಚೆಂಬಲ್ಲಿ ನೀರು, ಅಂಗೈಯಲ್ಲಿ ಒಂದು ತುಂಡು ಬೆಲ್ಲ.
"ಬಿಸಿಲಲ್ಲಿ ಬಂದಿದ್ದೀರಿ, ಮೊದ್ಲು ಬಾಯಿಗಾಕಳಿ."
ಹಾಕಿಕೊಂಡೆ. ಕರಗಲು ಬಹಳ ಹೊತ್ತು ಹಿಡಿಯಿತು.
"ಇನ್ನೂ ಅಲ್ಲಿಗೆ ಹೋಯ್ತೀರವ್ವ?"
ಹೋಗ್ತೀನಿ.
"ಆ ಜಪ ನಂಗೀಗ್ಲೂ ಪೂರಾ ಬತ್ತದೆ," ಅಂದ.
"ಹೇಳಕಿಲ್ಲ. ಬತ್ತದೆ, ಅಷ್ಟೇಯ."

ಕಲ್ಲು ಈಗ ನನ್ನ ಮನೆಯ ಹಿತ್ತಲ ಬಾಗಿಲಿಗೆ ಒತ್ತು,
ಗಾಳಿಗೆ ಬಡಿಯದ ಹಾಗೆ.
ಸೀಸ ತೆಗೆಸಿಲ್ಲ.
ಭಾನುವಾರ ಕೆಲವೊಮ್ಮೆ ವಾಚನಕ್ಕೆ ಕರೆಯುತ್ತಾರೆ,
ಸಂತಿಯಾಗಪ್ಪನವರ ಮಗಳಲ್ಲವೇ, ದನಿ ಅದೇ ದನಿ.
ಪುಸ್ತಕ ತೆರೆದು, ಬಾಗಿಲ ಪಕ್ಕದ ಬೆಂಚಿನ ಕಡೆ ನೋಡಿ
ಒಮ್ಮೆ ಕೆಮ್ಮುತ್ತೇನೆ.
ಗಂಟಲು ಸರಿಯಾಗಿಯೇ ಇದೆ.