ಗಾಳಿಯ ಲೆಕ್ಕ

ಕೆಸರೆ ಮೂರನೇ ಹಂತದಲ್ಲಿ ನೀರು
ನಾಲ್ಕು ದಿನಕ್ಕೊಮ್ಮೆ, ಅದೂ ಕೋಳಿ ಕೂಗುವ ಮುಂಚೆ.
ನೀರಿಗೂ ಮೊದಲು ಗಾಳಿ ಬರುತ್ತದೆ.
ನಲ್ಲಿ ಬುಸುಗುಟ್ಟಿ, ಕೆಮ್ಮಿ, ಒಂದು ಹನಿ ಉಗುಳಿ
ಮತ್ತೆ ಬುಸುಗುಡುತ್ತದೆ.
ಆಗ ನೋಡಬೇಕು ಮೀಟರನ್ನು!
ಒಳಗಿನ ಕೆಂಪು ಮುಳ್ಳು ಬುಗುರಿ.
ಗಾಳಿ ಯಾವುದು ನೀರು ಯಾವುದು ಅದಕ್ಕೆ ಗೊತ್ತಿಲ್ಲ,
ಹಾದುಹೋದದ್ದಷ್ಟನ್ನೂ ಎಣಿಸುತ್ತದೆ
ಹೊಸದಾಗಿ ಸೇರಿದ ಗುಮಾಸ್ತನ ಹಾಗೆ.

ಅದನ್ನು ಓದುವವನು ನಾನು. ಹನ್ನೊಂದು ವರ್ಷ. ಗುತ್ತಿಗೆ ಮೇಲೆ.
ಅಂಕಿ ನೋಡು, ಒತ್ತು, ಚೀಟಿ ಹರಿ, ಬಾಗಿಲಿಗೆ ಸಿಕ್ಕಿಸು.
ಕೆಲವು ಕಡೆ ಬೈಗುಳ, ಕೆಲವು ಕಡೆ ಟೀ,
ಕೆಲವು ಕಡೆ ಮಡಿಸಿದ ಐವತ್ತು:
"ಈ ಸಲ ಮನೆ ಬೀಗ ಅಂತ ಬರ್ಕೊಳಿ ಚೆಲುವಯ್ಯ."
ಬರೆದುಕೊಂಡಿದ್ದೇನೆ.

ಬತೂಲ್ ಬೀ ಐವತ್ತು ಕೊಡಲಿಲ್ಲ.
ಒಂದು ವಾರ ಹೊಸೆದ ಊದುಬತ್ತಿಯ ಕೂಲಿ
ಅಷ್ಟನ್ನೂ ನುಂಗಿತ್ತು ಅವಳ ಬಿಲ್ಲು.
ಕರಿಹಿಟ್ಟಿನ ಬೆರಳಲ್ಲಿ ಚೀಟಿ ಹಿಡಿದು ಕೇಳಿದಳು:
"ಗಾಳೀಗೂ ಕಾಸಾ ಅಣ್ಣ?
ಹಂಗಾದ್ರೆ ನಾ ಉಸಿರಾಡಿದ್ದಕ್ಕೆ ಯಾವಾಗ ಬರುತ್ತೆ?"

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ತಂದಳು.
ನೋಟ್‌ಬುಕ್ಕಿನ ಹಾಳೆಯಲ್ಲಿ ಮೂರು ಪ್ರಶ್ನೆ:
ಈ ಮೀಟರು ಕೊಂಡದ್ದು ಯಾರಿಂದ. ಎಷ್ಟಕ್ಕೆ.
ಸರಿಯಿದೆ ಅಂತ ಸಹಿ ಹಾಕಿದವರು ಯಾರು.
ಒಕ್ಕಣೆ ಅವಳದು, ಅಕ್ಷರ ಮಗಳು ಜಬೀನಾಳದು,
ಕಾಗುಣಿತ ತಿದ್ದಿದ್ದು ನಾನು.
ಇಲಾಖೆಗೆ ಹೇಳಬೇಡಿ.

ಮೂವತ್ತನೇ ದಿನ ಉತ್ತರ:
ಮೂರನೇ ವ್ಯಕ್ತಿಯ ವಾಣಿಜ್ಯ ರಹಸ್ಯ, ಕೊಡಲು ಬರುವುದಿಲ್ಲ.
ಮೇಲ್ಮನವಿಗೆ ಬಂದದ್ದು ಹದಿನಾರು ಪುಟ,
ಹದಿನಾಲ್ಕರಲ್ಲಿ ಸಾಲಿನ ಮೇಲೆ ಸಾಲು ಕಪ್ಪು ಶಾಯಿ.
ಲಕೋಟೆಯ ಮೇಲೆ ಮಾತ್ರ
ಪಾರದರ್ಶಕ ಆಡಳಿತ ಎಂಬ ನೇರಳೆ ಮೊಹರು.
ಹಾಳೆಯನ್ನು ಬಿಸಿಲಿಗೆ ಹಿಡಿದು ನೋಡಿದಳು ಬತೂಲ್ ಬೀ.
"ನನ್ ಹಿಟ್ಟೇ ವಾಸಿ.
ಕಪ್ಪಾದ್ರೂ ಹಚ್ಚಿದ್ರೆ ಘಮ ಅನ್ನುತ್ತೆ."

ಎರಡು ಬೇಸಿಗೆ ಕಳೆದ ಮೇಲೆ
ಜಬೀನಾ ಫೋನಿನಲ್ಲಿ ತೋರಿಸಿದಳು ಸುದ್ದಿ.
ಮೀಟರಿನ ಕಂಪನಿ ತನ್ನೂರ ಕೋರ್ಟಿನಲ್ಲಿ ತಪ್ಪೊಪ್ಪಿದೆ.
ಹೌದು, ಕೊಟ್ಟೆವು ಅಂದಿದೆ,
ಸಲಹೆಗಾರರ ಫೀಸು ಎಂದು ಬರೆದು
ಯಾವುದೋ ದ್ವೀಪದ ಬ್ಯಾಂಕಿನ ಮೂಲಕ.
ಅಲ್ಲಿ ಜನಕ್ಕಿಂತ ಕಂಪನಿಗಳೇ ಹೆಚ್ಚಂತೆ,
ಎಲ್ಲವೂ ಒಂದೇ ಕದದ ಹಿಂದೆ.
ದಂಡ ಕಟ್ಟಿದೆ. ಕೋಟಿ ಕೋಟಿ.
ಯಾರಿಗೆ?
ತನ್ನ ಸರ್ಕಾರಕ್ಕೆ.

ಆ ತೀರ್ಪಿನಲ್ಲಿ ಮೈಸೂರಿನ ಹೆಸರು ನಗರ-ಎರಡು.
ನಮ್ಮ ಸಾಹೇಬರು ಅಧಿಕಾರಿ-ನಾಲ್ಕು.
ಆಯುಧಪೂಜೆಯ ದಿನ ನನ್ನ ಬಿಲ್ಲಿನ ಮೆಷಿನ್ನಿಗೆ
ತಮ್ಮ ಕೈಯಾರೆ ಕುಂಕುಮ ಇಟ್ಟವರು ಅವರೇ ಇರಬೇಕು.
ಬತೂಲ್ ಬೀಗೆ ಯಾವ ನಂಬರೂ ಇಲ್ಲ.

ಪ್ರಾಮಾಣಿಕ ದೇಶಗಳದ್ದೊಂದು ಪಟ್ಟಿ ಇದೆಯಂತೆ.
ಆ ಕಂಪನಿಯ ದೇಶ ತುದಿಯಲ್ಲಿ, ನಾವು ಎಲ್ಲೋ ಕೆಳಗೆ.
ಇಸಿದುಕೊಂಡ ಕೈಗೆ ಕೊಳೆ, ಒಪ್ಪಿದೆ.
ಕೊಟ್ಟ ಕೈ ಅಷ್ಟು ಬೆಳ್ಳಗೆ ಹೇಗೆ ಉಳಿಯಿತು?
ಯಾವ ನಲ್ಲಿಯಲ್ಲಿ ತೊಳೆದುಕೊಂಡರು?
ಅಲ್ಲಿ ದಿನಾ ನೀರು ಬರುತ್ತದೋ ಏನೋ.

ನನ್ನ ಐವತ್ತುಗಳನ್ನೂ ಒಂದು ರಾತ್ರಿ ಕೂಡಿಸಿ ನೋಡಿದೆ.
ಒಂದು ಹಳೇ ಸೈಕಲ್ಲಿನಷ್ಟಾಯಿತು.
ದ್ವೀಪ ಮುಟ್ಟುವಷ್ಟು ಆಗಲಿಲ್ಲ.
ಆದರೂ ಆಮೇಲೆ ನಿದ್ದೆ ಬರಲಿಲ್ಲ.

ಇವತ್ತು ಬೆಳಗಿನ ಜಾವ ಮತ್ತೆ ಅವಳ ಬಾಗಿಲು.
ಬಿಂದಿಗೆಗಳ ಸಾಲು ಖಾಲಿ, ಮುಳ್ಳು ಓಡುತ್ತಿದೆ.
"ಆ ದಂಡದಲ್ಲಿ ನಮ್ ಗಾಳಿ ದುಡ್ಡೂ ಇದೆ ಅಲ್ವಾ" ಅಂದಳು.
ಸ್ವಲ್ಪ ಹೊತ್ತು ಬಿಟ್ಟು,
"ಆ ದೇಶದಲ್ಲೂ ನಡೆಯುತ್ತಾ ಅಣ್ಣ,
ಹತ್ತು ರೂಪಾಯಿ ಪೋಸ್ಟಲ್ ಆರ್ಡರ್?"

ಮೊಣಕಾಲೂರಿ ಮೀಟರಿನ ಅಡಿಗೆ ಟಾರ್ಚು ಬಿಟ್ಟೆ.
ವಿಳಾಸವಿದ್ದ ಕಡೆ ಪಾಚಿ.
ಉಗುರಲ್ಲಿ ಕೆರೆದರೆ ಕೆಳಗೆ ಏಳು ಅಂಕಿ.
ಜಬೀನಾ ಪೆನ್ನಿನ ಮುಚ್ಚಳ ತೆಗೆದಳು, "ಹೇಳಿ ಅಂಕಲ್."

ಓದುವುದೇ ನನ್ನ ಕೆಲಸ.
ಓದಿದೆ.